ಸ್ಟೀಲ್‌ಹೆಡ್‌ಗೆ ಬೇಸಿಗೆ–ಚಳಿ ಎರಡಕ್ಕೂ ಒಂದೇ ಸೆಟ್: ರಾಡ್, ರೀಲ್, ಲೈನ್ ಯಾವುದು?

ಬೊಥೆಲ್_ಬಸವ

ಎಲ್ಲರಿಗೂ ನಮಸ್ಕಾರ. ಸಿಯಾಟಲ್ ಪಕ್ಕ ಬೊಥೆಲ್‌ನಲ್ಲಿದ್ದೇನೆ. ಟ್ರೌಟ್ ಹಿಡಿಯಲು 9 ಅಡಿಯ 5 ವೇಟ್ (ರಾಡ್ ಎಸೆಯಬಲ್ಲ ಲೈನಿನ ತೂಕದ ಅಂಕಿ) ಫ್ಲೈ ರಾಡ್ ಇದೆ. ಫ್ಲೈ ಅಂದರೆ ಹುಳದ ಥರ ಕಾಣುವ ಹಾಗೆ ಕಟ್ಟಿದ ಕೊಕ್ಕೆ. ಯಾಕಿಮಾ ನದಿಯಲ್ಲಿ ಅದರಲ್ಲೇ ಕೈ ಪಳಗಿತು. ಈಗ ಸ್ಟೀಲ್‌ಹೆಡ್ ಮೀನಿನ ಹುಚ್ಚು ಹಿಡಿದಿದೆ. ಬೇಸಿಗೆ ಕೊನೆಗೆ ಒರೆಗಾನ್‌ನ ಡೆಶೂಟ್ಸ್, ಚಳಿಗಾಲದಲ್ಲಿ ಒಲಿಂಪಿಕ್ ಪೆನಿನ್ಸುಲಾದ ಹೋ ನದಿ ಕಡೆ ಹೋಗಬೇಕು ಅಂತಿದೆ.

ಎರಡು ಕಡೆಗೂ ಆಗುವ ಒಂದೇ ಸೆಟ್ ಬೇಕು. ಎಲ್ಲಾ ಸೇರಿ ಬಜೆಟ್ 900 ಡಾಲರ್. ಮನೆಯಲ್ಲಿ ಅದಕ್ಕಿಂತ ಜಾಸ್ತಿ ಮಂಜೂರಾಗುವುದಿಲ್ಲ. ಒಂದು ಅಂಗಡಿಯವರು 10 ಅಡಿಯ 8 ವೇಟ್, ಒಂದು ಕೈಯಲ್ಲಿ ಎಸೆಯುವುದು ತಗೊಳ್ಳಿ ಅಂದರು. ಇನ್ನೊಬ್ಬರು 13 ಅಡಿಯ ಸ್ಪೇ ರಾಡ್, ಎರಡು ಕೈಯಲ್ಲಿ ಎಸೆಯುವುದು ಅಂದರು. ಆಫೀಸಿನ ಗೆಳೆಯ 11 ಅಡಿಯ ಸ್ವಿಚ್ ರಾಡ್ ತಗೋ, ಒಂದು ಕೈಗೂ ಎರಡು ಕೈಗೂ ಆಗುತ್ತೆ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಹೊಳೆಸಾಲು (ಪೋರ್ಟ್‌ಲ್ಯಾಂಡ್)

ಬಸವ ಅವರೇ, ಮೂವರೂ ಸುಳ್ಳು ಹೇಳಿಲ್ಲ. ತಾವು ಹೋಗುವ ಹೊಳೆ ನೋಡಿಕೊಂಡು ಹೇಳಿದ್ದಾರೆ ಅಷ್ಟೇ. ನೀವು ರಾಡ್‌ನಿಂದ ಶುರು ಮಾಡಿದ್ದೀರಿ. ಅದನ್ನು ತಿರುಗಿಸಿ. ಮೊದಲು ಹೊಳೆ, ಆಮೇಲೆ ಲೈನ್, ಆ ಲೈನನ್ನು ಎಸೆಯಬಲ್ಲ ರಾಡ್, ಕೊನೆಗೆ ರೀಲ್.

ಟ್ರೌಟ್ ಹಿಡಿದವರಿಗೆ ಮೊದಲು ಗೊಂದಲ ಆಗುವುದು ಇಲ್ಲಿ. ಸ್ಟೀಲ್‌ಹೆಡ್ ಕೂಡ ರೇನ್‌ಬೋ ಟ್ರೌಟೇ. ಆದರೆ ಸಮುದ್ರಕ್ಕೆ ಹೋಗಿ, ಅಲ್ಲಿ ಚೆನ್ನಾಗಿ ತಿಂದು ಬೆಳೆದು, ಮೊಟ್ಟೆ ಇಡಲು ಹೊಳೆಗೆ ಬಂದಿರುತ್ತದೆ. ಹೊಟ್ಟೆಪಾಡಿಗೆ ಹುಳ ಹುಡುಕುತ್ತಾ ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ಇಡೀ ಮಡುವಿನಲ್ಲಿ ಒಂದೇ ಮೀನು ಇರಬಹುದು, ಇಲ್ಲದೆಯೂ ಇರಬಹುದು. ಹಾಗಾಗಿ ನಮ್ಮ ಕೆಲಸ ನೀರು ಜಾಲಾಡುವುದು. ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಮುಖವಾಗಿ ಎಸೆಯಬೇಕು. ಫ್ಲೈ ಸೆಳವಿಗೆ ಸಿಕ್ಕಿ ಕಮಾನಿನ ಹಾಗೆ ದಡದ ಕಡೆ ಬರುತ್ತದೆ. ಎರಡು ಹೆಜ್ಜೆ ಕೆಳಗೆ ಇಳಿಯಿರಿ, ಮತ್ತೆ ಎಸೆಯಿರಿ. ಬೆಳಗ್ಗೆಯಿಂದ ಸಂಜೆವರೆಗೂ ಇದೇ. ದಿನವಿಡೀ ಭುಜ ನೋಯಿಸದೆ ಇದನ್ನು ಮಾಡಿಸುವುದು ಎರಡು ಕೈ ರಾಡ್.

ಇನ್ನು ನಿಮ್ಮ ಎರಡು ಹೊಳೆ. ಡೆಶೂಟ್ಸ್‌ನಲ್ಲಿ ದೋಣಿಯಲ್ಲಿ ಕೂತು ಗಾಳ ಹಾಕುವಂತಿಲ್ಲ. ದೋಣಿ ಓಡಾಟಕ್ಕೆ ಮಾತ್ರ, ನಿಂತು ಎಸೆಯುವುದು ನೀರಿನಲ್ಲೇ. ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕೆಳಗಿನಿಂದ ಮೇಲಕ್ಕೆ ಜೋರಾಗಿ ಬೀಸುತ್ತದೆ. ನೀರು ಬೆಚ್ಚಗಿರುವುದರಿಂದ ಮೀನು ಮೇಲಕ್ಕೆ ಬಂದು ಕಚ್ಚುತ್ತದೆ. ತೇಲುವ ಲೈನ್, ಸಣ್ಣ ಫ್ಲೈ ಸಾಕು.

ಹೋ ನದಿ ಹಿಮನದಿಯಿಂದ ಬರುವ ನೀರು, ಬೂದು ಹಸಿರು ಬಣ್ಣ. ಚಳಿಯಲ್ಲಿ ನೀರು 4–6 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮೀನು ಫ್ಲೈ ಹಿಂದೆ ದೂರ ಓಡಿ ಬರುವುದಿಲ್ಲ. ಫ್ಲೈಯನ್ನು ತಳದ ಹತ್ತಿರ, ನಿಧಾನವಾಗಿ, ಅದರ ಮೂಗಿನ ಮುಂದೆ ತರಬೇಕು. ಅಂದರೆ ಲೈನಿನ ಮುಂದೆ ಮುಳುಗುವ ತುದಿ, ದೊಡ್ಡ ಫ್ಲೈ. ಹಿಂದೆ ತಿರುಗಿ ನೋಡಿದರೆ ಆಲ್ಡರ್ ಮರ, ಬ್ಲ್ಯಾಕ್‌ಬೆರಿ ಪೊದೆ. ಲೈನನ್ನು ಬೆನ್ನ ಹಿಂದೆ ಬಿಚ್ಚಲು ಜಾಗವೇ ಇಲ್ಲ.

ಎರಡಕ್ಕೂ ಒಂದೇ ರಾಡ್ ಅಂದರೆ ನನ್ನ ಓಟು 12½ ಅಥವಾ 13 ಅಡಿಯ, 7 ವೇಟ್, ಎರಡು ಕೈ ರಾಡ್‌ಗೆ. ಚಳಿಗಾಲಕ್ಕೆ ಸ್ಕ್ಯಾಗಿಟ್ ಹೆಡ್, ಬೇಸಿಗೆಗೆ ಸ್ಕ್ಯಾಂಡಿ ಹೆಡ್. ರಾಡ್, ರೀಲ್ ಅದೇ ಇರಲಿ, ಲೈನಿನ ತಲೆ (ಹೆಡ್, ಅಂದರೆ ಮುಂದಿನ ಭಾರದ ಭಾಗ) ಮಾತ್ರ ಬದಲಿಸಿ.

ಒಂದುಕೈ_ಒಹಾಯೋ (ಕ್ಲೀವ್‌ಲ್ಯಾಂಡ್)

ಎಲ್ಲರಿಗೂ ಎರಡು ಕೈ ರಾಡ್ ಹಚ್ಚುವುದು ಈಗ ಫ್ಯಾಷನ್ ಆಗಿದೆ. ಸ್ವಲ್ಪ ತಡೆಯಿರಿ.

ನಾನು ಹೋಗುವುದು ಈರಿ ಸರೋವರಕ್ಕೆ ಸೇರುವ ರಾಕಿ, ಶಾಗ್ರಿನ್, ಗ್ರ್ಯಾಂಡ್ ನದಿಗಳಿಗೆ. ಇಲ್ಲಿನ ಸ್ಟೀಲ್‌ಹೆಡ್ ಸಾಕಿ ಬಿಟ್ಟ ಮೀನು. ಸಮುದ್ರದ ಬದಲು ಸರೋವರದಲ್ಲಿ ಬೆಳೆದು ಹೊಳೆ ಹತ್ತುತ್ತದೆ. ಹೊಳೆ ಚಿಕ್ಕದು, ಎಷ್ಟೋ ಕಡೆ 30–40 ಅಡಿ ಎಸೆದರೆ ಆಚೆ ದಡ. ಇಲ್ಲಿ 13 ಅಡಿ ರಾಡ್ ಹಿಡಿದುಕೊಂಡು ಏನು ಮಾಡಲಿ? 10 ಅಡಿಯ 7 ಅಥವಾ 8 ವೇಟ್, ತೇಲುವ ಲೈನ್, ಮೇಲೆ ಒಂದು ಬೆಂಡು, ಕೆಳಗೆ ಮೀನುಮೊಟ್ಟೆ ಥರದ ಫ್ಲೈ ಅಥವಾ ನಿಂಫ್ (ನೀರಹುಳದ ಮರಿ ಥರದ ಫ್ಲೈ). ಮೀನು ಸಿಗುತ್ತದೆ.

ಇನ್ನೊಂದು ಮಾತು. ಬಸವ ಕೇಳಿದ್ದು ಎಲ್ಲದಕ್ಕೂ ಆಗುವ ಸೆಟ್. 10 ಅಡಿಯ 8 ವೇಟ್‌ನಲ್ಲಿ ಸಾಲ್ಮನ್ ಹಿಡಿಯಬಹುದು, ಕೆರೆಯಲ್ಲಿ ಬಾಸ್ ಹಿಡಿಯಬಹುದು, ಫ್ಲೋರಿಡಾಗೆ ರಜೆ ಹೋದರೆ ಉಪ್ಪುನೀರಿಗೂ ಒಯ್ಯಬಹುದು. ಸ್ಪೇ ರಾಡ್ ದೊಡ್ಡ ಹೊಳೆ ಬಿಟ್ಟು ಬೇರೆಲ್ಲೂ ಕೆಲಸಕ್ಕೆ ಬರುವುದಿಲ್ಲ. ಹಾಗಾದರೆ ನಿಜವಾಗಿ ಎಲ್ಲದಕ್ಕೂ ಆಗುವುದು ಯಾವುದು?

ಹೊಳೆಸಾಲು

ಒಂದುಕೈ ಅವರೇ, ನಿಮ್ಮ ಹೊಳೆಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಕ್ಲೀವ್‌ಲ್ಯಾಂಡ್‌ನವರು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಬಸವ ಅವರು ಫ್ಲೋರಿಡಾ ಕೇಳಿಲ್ಲ, ಹೋ ಕೇಳಿದ್ದಾರೆ. ಜನವರಿಯಲ್ಲಿ, ಎದೆಮಟ್ಟದ ಪೊದೆಗೆ ಬೆನ್ನು ಕೊಟ್ಟು, 10 ಅಡಿ ಮುಳುಗುವ ತುದಿಗೆ ಮೂರು ಇಂಚಿನ ಒದ್ದೆ ಫ್ಲೈ ಕಟ್ಟಿ, ಒಂದೇ ಕೈಯಲ್ಲಿ ದಿನವಿಡೀ ಎಸೆಯಲು ಹೇಳಿ ನೋಡಿ.

ಒಂದುಕೈ_ಒಹಾಯೋ

ಅದು ಒಪ್ಪುವ ಮಾತು. ಆದರೂ ಒಂದು ಕೈ ರಾಡ್‌ಗೆ ಹೊಂದುವ ಚಿಕ್ಕ ಸ್ಕ್ಯಾಗಿಟ್ ಹೆಡ್‌ಗಳು ಈಗ ಬರುತ್ತವೆ. ಓಪಿಎಸ್‌ಟಿ ಕಂಪನಿಯ ಕಮಾಂಡೋ ಹೆಡ್ 12–18 ಅಡಿ ಇರುತ್ತದೆ ಅಷ್ಟೇ. ಬೆನ್ನ ಹಿಂದೆ ಜಾಗ ಇಲ್ಲದಿದ್ದರೂ ಒಂದು ಕೈ ರಾಡ್‌ನಲ್ಲೇ ಸ್ಪೇ ಎಸೆತ ಎಸೆಯಬಹುದು. ಚಿಕ್ಕ, ಮಧ್ಯಮ ಹೊಳೆಗೆ ಅದು ಸಾಕು. ಹೋ ಅಷ್ಟು ಅಗಲದ ನೀರಿಗೆ ಸಾಲದು ಅಂದರೆ ನನ್ನ ತಕರಾರಿಲ್ಲ.

ಬೊಥೆಲ್_ಬಸವ

ಇಬ್ಬರಿಗೂ ಥ್ಯಾಂಕ್ಸ್. ಒಂದು ಅನುಮಾನ. ನನ್ನ 5 ವೇಟ್ ಲೈನ್ 140 ಗ್ರೇನ್. ಒಂದು ಕೈ 7 ವೇಟ್ ಅಂದರೆ 185 ಗ್ರೇನ್ ಅಂತ ಪಟ್ಟಿಯಲ್ಲಿದೆ. ಅಂಗಡಿಯಲ್ಲಿ 7 ವೇಟ್ ಸ್ಪೇ ರಾಡ್‌ಗೆ 525 ಗ್ರೇನ್ ಲೈನ್ ತೋರಿಸಿದರು. ಅದೇ 7 ತಾನೆ? ಎಲ್ಲಿಯ 185, ಎಲ್ಲಿಯ 525? ಅಂಗಡಿಯ ಹುಡುಗನನ್ನು ಕೇಳಿದರೆ «ಅದು ಹಾಗೇ ಸರ್» ಅಂದ.

ಕ್ಲಿಯರ್‌ವಾಟರ್_ಅಕ್ಕ (ಐಡಾಹೊ)

ಇದಕ್ಕೆ ನಾನು ಹೇಳುತ್ತೇನೆ ತಮ್ಮಾ. ಎಲ್ಲರೂ ಎಡವುವ ಜಾಗ ಇದು.

ಒಂದು ಕೈ ಲೈನಿಗೆ ಇರುವ ಅಳತೆ ಏನೆಂದರೆ, ಲೈನಿನ ಮೊದಲ 30 ಅಡಿಯ ತೂಕ. 5 ವೇಟ್ 140, 6 ವೇಟ್ 160, 7 ವೇಟ್ 185, 8 ವೇಟ್ 210 ಗ್ರೇನ್. ಎರಡು ಕೈ ರಾಡ್‌ನ ಅಳತೆಗೋಲೇ ಬೇರೆ. ಅಲ್ಲಿ 7 ಅಂದರೆ ಒಂದು ಕೈ 7 ಅಲ್ಲವೇ ಅಲ್ಲ. ರಾಡ್ ಉದ್ದ, ಎರಡು ಕೈ ಬಲ, ಅದಕ್ಕೆ ತಕ್ಕ ತೂಕ ಬೇಕು. ಗ್ರಾಮಿಗೆ ತಿರುಗಿಸಿ ನೋಡಿದರೆ ಸುಲಭ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. 185 ಗ್ರೇನ್ ಅಂದರೆ 12 ಗ್ರಾಂ. 525 ಅಂದರೆ 34 ಗ್ರಾಂ.

ಹಾಗಾಗಿ ಎರಡು ಕೈ ರಾಡ್ ಕೊಳ್ಳುವಾಗ ಆ 7, 8 ನೋಡಿ ಲೈನ್ ತಗೊಳ್ಳಬೇಡಿ. ರಾಡ್ ತಯಾರಿಸಿದವರು «ಇಷ್ಟರಿಂದ ಇಷ್ಟು ಗ್ರೇನ್» ಅಂತ ಕೊಟ್ಟಿರುತ್ತಾರೆ. ಕೆಲವರು ಹಿಡಿಕೆಯ ಮೇಲ್ಗಡೆ ರಾಡ್ ಮೇಲೇ ಬರೆದಿರುತ್ತಾರೆ, ಇಲ್ಲದಿದ್ದರೆ ವೆಬ್‌ಸೈಟಿನಲ್ಲಿ ಸಿಗುತ್ತದೆ. 13 ಅಡಿಯ 7 ವೇಟ್‌ಗೆ ಸಾಮಾನ್ಯವಾಗಿ ಸ್ಕ್ಯಾಗಿಟ್ ಹೆಡ್ 500ರಿಂದ 550 ಒಳಗೆ ಬರುತ್ತದೆ. ಸ್ಕ್ಯಾಂಡಿ ಅದಕ್ಕಿಂತ 50 ಗ್ರೇನ್ ಆಚೀಚೆ ಕಮ್ಮಿ. ಅದೇ 7 ವೇಟ್ ಅಂತ ಬರೆದಿರುವ 11 ಅಡಿಯ ಸ್ವಿಚ್ ರಾಡ್‌ಗೆ 525 ಹಾಕಿದರೆ ರಾಡ್ ಒದ್ದೆ ಬಟ್ಟೆ ಹಾಗೆ ಜೋತು ಬೀಳುತ್ತದೆ.

ಇನ್ನೊಂದು ವಿಷಯ. ಸ್ಕ್ಯಾಗಿಟ್ ಹೆಡ್ ಮೇಲೆ ಬರೆದ ತೂಕದಲ್ಲಿ ಮುಳುಗುವ ತುದಿಯ ತೂಕ ಸೇರಿಲ್ಲ. ತುದಿ ಬೇರೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ ಗಾಬರಿ ಆಗಬೇಡಿ.

ಸುಮ್ನೆ_ಓದುವವ

ಸ್ಕ್ಯಾಗಿಟ್, ಸ್ಕ್ಯಾಂಡಿ ಅಂತೀರಲ್ಲ, ವ್ಯತ್ಯಾಸ ಏನು? ನನ್ನ ಥರ ಗೊತ್ತಿಲ್ಲದವರಿಗೂ ಸ್ವಲ್ಪ ಬಿಡಿಸಿ ಹೇಳಿ.

ಹೊಳೆಸಾಲು

ಸ್ಕ್ಯಾಗಿಟ್ ವಾಷಿಂಗ್ಟನ್‌ನ ಒಂದು ನದಿ. ಆ ನದಿ, ಅದಕ್ಕೆ ಸೇರುವ ಸಾಕ್ ನದಿ, ಇಲ್ಲಿ ಚಳಿಗಾಲದ ಮೀನಿನ ಹಿಂದೆ ಬಿದ್ದವರು ಉದ್ದ ಲೈನ್ ಕತ್ತರಿಸಿ, ಅಂಟಿಸಿ ಈ ಗಿಡ್ಡ ಹೆಡ್ ಮಾಡಿಕೊಂಡರು. ಹೆಡ್ 20–25 ಅಡಿ, ದಪ್ಪ, ಭಾರ. ಅದರ ಮುಂದೆ 10–12 ಅಡಿ ತುದಿ. ಎಸೆಯುವ ಮುಂಚೆ ಲೈನ್ ನೀರಿನ ಮೇಲೆ ಒಂದು ಕ್ಷಣ ಕೂರುತ್ತದೆ. ನೀರು ಅದನ್ನು ಹಿಡಿದುಕೊಳ್ಳುತ್ತದೆ, ಆ ಎಳೆತಕ್ಕೆ ರಾಡ್ ಬಾಗುತ್ತದೆ. ಆ ಬಾಗಿನ ಬಲದಲ್ಲೇ ಭಾರದ ತುದಿಯೂ ಫ್ಲೈಯೂ ಹಾರುತ್ತವೆ. ಹಿಂದೆ ಜಾಗ ಬೇಡ, ಆತುರ ಬೇಡ. ಕಲಿಯುವವರಿಗೆ ಇದೇ ಸುಲಭ, ಯಾಕೆಂದರೆ ಎಸೆತದ ನಡುವೆ ನಿಂತು ಯೋಚಿಸಲು ಸಮಯ ಸಿಗುತ್ತದೆ.

ಸ್ಕ್ಯಾಂಡಿ ಉದ್ದ, ಮುಂದಕ್ಕೆ ಹೋದಂತೆ ಸಪೂರ. ಲೈನಿನ ತುದಿ ನೀರಿಗೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಮುಂದಕ್ಕೆ ಬಿಡಬೇಕು. ಸಣ್ಣ ಫ್ಲೈ ಮೆತ್ತಗೆ ಬೀಳುತ್ತದೆ, ಸದ್ದಿಲ್ಲ. ಭಾರದ ತುದಿ ಕಟ್ಟಿದರೆ ಮಾತ್ರ ಎತ್ತುವುದಿಲ್ಲ.

ಇಷ್ಟು ಸಾಕು. ಉಳಿದದ್ದು ನೀರಿಗೆ ಇಳಿದರೆ ಗೊತ್ತಾಗುತ್ತದೆ.

ಬೆಲ್ವ್ಯೂ_ಭಟ್ಟ

ನಾನು ಸ್ವಿಚ್ ರಾಡ್ ಪಾರ್ಟಿ. 11 ಅಡಿ 7 ವೇಟ್. ಬೇಕಾದಾಗ ಎರಡು ಕೈ, ಬೆಂಡು ಕಟ್ಟಿದಾಗ ಒಂದು ಕೈ. ಬಸವ ಅವರ ಗೆಳೆಯ ಹೇಳಿದ್ದರಲ್ಲಿ ತಪ್ಪೇನಿದೆ?

ಕ್ಲಿಯರ್‌ವಾಟರ್_ಅಕ್ಕ

ಭಟ್ಟರೇ, ತಪ್ಪಿಲ್ಲ. ಆದರೆ ಒಂದು ಕೈಯಲ್ಲಿ ದಿನವಿಡೀ ಎಸೆಯಲು ಅದು ಭಾರ, ಎದೆಮಟ್ಟದ ನೀರಿನಲ್ಲಿ ನಿಂತು ಎರಡು ಕೈಯಲ್ಲಿ ಎಸೆಯಲು ಗಿಡ್ಡ. ಸ್ನೋಕ್ವಾಲ್ಮಿ ಥರದ ಮಧ್ಯಮ ಹೊಳೆಗೆ ಚೆಂದ. ನಮ್ಮ ಕ್ಲಿಯರ್‌ವಾಟರ್‌ಗೆ ತಂದರೆ ಅರ್ಧ ನದಿ ಮುಟ್ಟುವುದಿಲ್ಲ. ಹೊಸಬರಿಗೆ ಇನ್ನೊಂದು ತೊಂದರೆ. ರಾಡ್ ಗಿಡ್ಡ ಆದಷ್ಟೂ ಎಸೆತದ ಲಯ ಬಿಗಿ. 13 ಅಡಿ ರಾಡ್ ಸಣ್ಣಪುಟ್ಟ ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತದೆ, 11 ಅಡಿ ಹಾಕಿಕೊಳ್ಳುವುದಿಲ್ಲ. ಲೈನ್ ನೀರಿಗೆ ಬಿದ್ದ ಮೇಲೆ ಸೆಳವು ಎಳೆಯದ ಹಾಗೆ ಅದನ್ನು ಎತ್ತಿ ಮೇಲ್ಮುಖವಾಗಿ ಹಾಕಬೇಕಲ್ಲ (ಇದಕ್ಕೆ ಮೆಂಡ್ ಅಂತಾರೆ), ಅದಕ್ಕೂ ಉದ್ದ ರಾಡೇ ಮೇಲು.

ಬೆಲ್ವ್ಯೂ_ಭಟ್ಟ

ನನಗೆ ಒಗ್ಗಿದೆ, ನಾನು ಬಿಡುವುದಿಲ್ಲ 😄 ಆದರೆ ಹೊಸಬರಿಗೆ ಉದ್ದ ರಾಡ್ ಕಲಿಯಲು ಸುಲಭ ಅನ್ನುವುದು ನಿಜವೇ.

ಕಬಿನಿ_ಹುಡುಗ (ಮೈಸೂರು)

ದೂರದಿಂದ ಓದುತ್ತಿದ್ದೇನೆ, ಹೊಟ್ಟೆ ಉರಿಯುತ್ತಿದೆ. ಈ 8 ವೇಟ್ ನಮ್ಮ ಕಡೆ ಮಹಶೀರ್‌ಗೆ ಆಗುತ್ತಾ? ಮುಂದೆ ಅಮೆರಿಕದಿಂದ ಬರುವ ಚಿಕ್ಕಪ್ಪನಿಗೆ ಹೇಳಿ ತರಿಸೋಣ ಅಂತ.

ಒಂದುಕೈ_ಒಹಾಯೋ

ತಮ್ಮಾ, ಕಾವೇರಿಯ ದೊಡ್ಡ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಐಯುಸಿಎನ್ (ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಸಂಸ್ಥೆ) ಅದನ್ನು ಅತಿ ಅಪಾಯದ ಪಟ್ಟಿಗೆ ಸೇರಿಸಿತು. ಕಾವೇರಿ ವನ್ಯಧಾಮದ ಒಳಗೆ ಗಾಳ ಹಾಕುವಂತಿಲ್ಲ. ಭೀಮೇಶ್ವರಿ, ಗಾಲಿಬೋರೆಯ ಗಾಳದ ಕ್ಯಾಂಪುಗಳ ಹಳೇ ಕಥೆ ಕೇಳಿ ರಾಡ್ ತರಿಸಬೇಡ. ಉತ್ತರದಲ್ಲಿ ಪರವಾನಗಿ ಇರುವ ಹೊಳೆಗಳಲ್ಲಿ ಹಿಡಿದು ಬಿಡುವುದಾದರೆ 8 ವೇಟ್, ಒಳ್ಳೆ ಬ್ರೇಕ್ ಇರುವ ರೀಲ್ ಆಗುತ್ತದೆ. ಹಿಮಾಚಲದ ತೀರ್ಥನ್ ಹೊಳೆಯ ಟ್ರೌಟ್‌ಗಾದರೆ 8 ಜಾಸ್ತಿ ಆಯಿತು, 4–5 ವೇಟ್ ಸಾಕು.

ಬೊಥೆಲ್_ಬಸವ

ಸರಿ, 13 ಅಡಿ 7 ವೇಟ್ ಕಡೆ ಮನಸ್ಸು ವಾಲಿದೆ. ರೀಲ್ ಬಗ್ಗೆ ಹೇಳಿ. 500 ಡಾಲರ್ ರೀಲ್ ಒಂದನ್ನು ಅಂಗಡಿಯವರು ತುಂಬಾ ಹೊಗಳಿದರು. ದುಡ್ಡು ರೀಲ್‌ಗೆ ಹಾಕಬೇಕಾ, ರಾಡ್‌ಗಾ?

ಕ್ಲಿಯರ್‌ವಾಟರ್_ಅಕ್ಕ

ಬೇಡ. 900ರಲ್ಲಿ 500 ರೀಲ್‌ಗೆ ಹೋದರೆ ಲೈನಿಗೆ ಏನು ಉಳಿಯಿತು? ಹೊಳೆಯಲ್ಲಿ ಫ್ಲೈ ಒಯ್ಯುವುದು ಲೈನ್.

ರೀಲ್‌ನಲ್ಲಿ ನೋಡಬೇಕಾದ್ದು ಮೂರೇ. ಮೊದಲನೆಯದು ಜಾಗ. ಸ್ಕ್ಯಾಗಿಟ್ ಹೆಡ್ ದಪ್ಪ, ಅದರ ಹಿಂದೆ 100 ಅಡಿ ರನ್ನಿಂಗ್ ಲೈನ್ (ತೆಳು ಲೈನ್), ಅದರ ಹಿಂದೆ 30 ಪೌಂಡ್ ಬ್ಯಾಕಿಂಗ್ (ಮೀನು ದೂರ ಓಡಿದಾಗ ಬಿಡುವ ದಾರ) 150–200 ಗಜ. ಇದೆಲ್ಲಾ ಹಿಡಿಯಬೇಕು. ಹಾಗಾಗಿ 7 ವೇಟ್ ಸ್ಪೇಗೆ 7/8 ಅಂತ ಬರೆದ ರೀಲ್ ಸಾಲದು, 9/10 ಅಥವಾ 10/11 ಅಂತ ಬರೆದದ್ದು ಬೇಕು. ನಡುವಿನ ಅಚ್ಚು ಅಗಲ ಇರಲಿ. ಲೈನ್ ಸುರುಳಿಯಾಗಿ ಸುತ್ತಿಕೊಂಡು ಕೂರುವುದಿಲ್ಲ, ಬೇಗ ಒಳಗೆ ಬರುತ್ತದೆ.

ಎರಡನೆಯದು ತೂಕ. ಟ್ರೌಟ್‌ನವರು ಹಗುರ ರೀಲ್ ಹುಡುಕುತ್ತಾರೆ. ಇಲ್ಲಿ ಉಲ್ಟಾ. 13 ಅಡಿ ಕೋಲಿನ ಮುಂಭಾರ ತೂಗಲು ಹಿಂದೆ 270–300 ಗ್ರಾಂ ರೀಲ್ ಬೇಕು. ಅಂಗಡಿಯಲ್ಲೇ ನೋಡಿ. ರಾಡ್ ಜೋಡಿಸಿ, ಲೈನ್ ಸುತ್ತಿದ ರೀಲ್ ಹಾಕಿ, ಹೆಡ್ ತುದಿಯಿಂದ ಹೊರಗಿರಲಿ. ಮೇಲಿನ ಕೈ ಹಿಡಿಯುವ ಕಡೆ ಒಂದೇ ಬೆರಳ ಮೇಲೆ ಕೂರಿಸಿ. ನೆಟ್ಟಗೆ ನಿಂತರೆ ಸರಿ. ಮೂತಿ ನೆಲಕ್ಕೆ ಬಾಗಿದರೆ ರೀಲ್ ಹಗುರ ಆಯಿತು, ಸಂಜೆಗೆ ಮುಂಗೈ ನೋವು ಗ್ಯಾರಂಟಿ.

ಮೂರನೆಯದು ಬ್ರೇಕ್. ನಯವಾಗಿ ಬಿಡಬೇಕು, ಜರ್ಕ್ ಹೊಡೆಯಬಾರದು, ಅಷ್ಟೇ. ಮುಚ್ಚಿದ ಡಿಸ್ಕ್ ಬ್ರೇಕ್ ಇದ್ದರೆ ಹೋ ಥರದ ಮಣ್ಣುನೀರು, ಮರಳಿಗೆ ಹೆದರಬೇಕಿಲ್ಲ. ಹಳಬರು ಕಿರ್ ಅನ್ನುವ ಕ್ಲಿಕ್ ರೀಲ್‌ಗೇ ಪ್ರಾಣ ಬಿಡುತ್ತಾರೆ. ಹಾರ್ಡಿ ಕಂಪನಿಯ ಪರ್ಫೆಕ್ಟ್ ರೀಲ್ 1891ರಿಂದ ಇದೆ, ಇವತ್ತಿಗೂ ಅದಕ್ಕೆ ಭಕ್ತರಿದ್ದಾರೆ. ಮೀನು ಓಡುವಾಗ ಆ ಸದ್ದು ಕೇಳುವುದು ನಿಜಕ್ಕೂ ಒಂದು ಸುಖ. ಆದರೆ ಬೆರಳು, ಅಂಗೈ ಒತ್ತಿ ತಡೆಯುವುದನ್ನು ಕಲಿಯಬೇಕು. ಹೊಸಬರಿಗೆ ಡಿಸ್ಕ್ ಇರಲಿ. 130–200 ಡಾಲರ್ ಒಳಗೆ ಒಳ್ಳೆಯದು ಸಿಗುತ್ತದೆ.

ಸ್ಕೀನಾ_ಶಾನುಭೋಗ (ಬ್ರಿಟಿಷ್ ಕೊಲಂಬಿಯಾ)

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಬಲ್ಕ್ಲಿ, ಕಿಸ್ಪಿಯಾಕ್ಸ್ ಹೊಳೆಗಳಲ್ಲಿ ಮೀನು ದೊಡ್ಡದು. 1962ರಲ್ಲಿ ಕಿಸ್ಪಿಯಾಕ್ಸ್‌ನಲ್ಲಿ ಫ್ಲೈಗೆ 33 ಪೌಂಡಿನ ಸ್ಟೀಲ್‌ಹೆಡ್ ಸಿಕ್ಕಿತ್ತು. ಅಂಥದ್ದು ದಿನಾ ಬರುವುದಿಲ್ಲ, ಆದರೆ 15 ಪೌಂಡ್ ದಾಟಿದ್ದು ಬಂದೇ ಬರುತ್ತದೆ. ಅದಕ್ಕೇ ಇಲ್ಲಿ 8 ವೇಟ್ ಜಾಸ್ತಿ. ಬಸವ ಅವರು ಮುಂದೆ ಈ ಕಡೆ ಬರುವುದಿದ್ದರೂ 7ರಲ್ಲೇ ನಿಲ್ಲಬಹುದು. 6 ಬೇಡ. ಹಗುರ ರಾಡ್‌ನಲ್ಲಿ ಆಟ ಚೆಂದ ಅನ್ನಿಸುತ್ತದೆ, ಆದರೆ ಅರ್ಧ ಗಂಟೆ ಎಳೆದಾಡಿ ಸುಸ್ತಾದ ಮೀನು ಬಿಟ್ಟ ಮೇಲೆ ಬದುಕುವುದು ಕಷ್ಟ. ರಾಡ್‌ಗೆ ಬೆನ್ನೆಲುಬು ಇರಬೇಕು, ಮೀನು ಬೇಗ ಕೈಗೆ ಬರಬೇಕು.

ಬರುವ ಮುಂಚೆ ಲೈಸೆನ್ಸ್ ಓದಿಕೊಳ್ಳಿ. ಇಲ್ಲಿನ ಹೆಸರಾಂತ ಹೊಳೆಗಳಿಗೆ ಹೊರಗಿನವರು ದಿನದ ಲೆಕ್ಕದಲ್ಲಿ ಬೇರೆ ಪರವಾನಗಿ ತಗೊಳ್ಳಬೇಕು. ಅದು ಅಗ್ಗ ಅಲ್ಲ.

ಬೊಥೆಲ್_ಬಸವ

ಪಟ್ಟಿ ಮಾಡಿದ್ದೇನೆ, ನೋಡಿ ಹೇಳಿ. ರಾಡ್, 13 ಅಡಿ 7 ವೇಟ್, ನಾಲ್ಕು ತುಂಡಿನದು, ಸುಮಾರು 380. ರೀಲ್ 160. ಸ್ಕ್ಯಾಗಿಟ್ ಹೆಡ್ 65, ಸ್ಕ್ಯಾಂಡಿ ಹೆಡ್ 65. ರನ್ನಿಂಗ್ ಲೈನ್ 45. ಬ್ಯಾಕಿಂಗ್ 25. ಇಷ್ಟಕ್ಕೆ 740. ಮುಳುಗುವ ತುದಿಗೆ ಅಂಗಡಿಯವರು ಆರು ತುದಿಯ ಕಿಟ್ ತೋರಿಸಿದರು, 150ರ ಮೇಲೆ. ಅದನ್ನೂ ತಗೊಂಡರೆ ತೆರಿಗೆಗೆ ದುಡ್ಡಿಲ್ಲ, ಫ್ಲೈಗೂ ಇಲ್ಲ.

ಹೊಳೆಸಾಲು

ಪಟ್ಟಿ ಚೆನ್ನಾಗಿದೆ. ಕಿಟ್ ಬಿಡಿ. ಟಿ-11 ಅನ್ನುವ ಮುಳುಗು ಲೈನ್ 30 ಅಡಿ ಸುರುಳಿಯಲ್ಲಿ ಸಿಗುತ್ತದೆ, ಅದನ್ನು ತಗೊಳ್ಳಿ. 11 ಅಂದರೆ ಅಡಿಗೆ 11 ಗ್ರೇನ್. ಟಿ-8 ಅದಕ್ಕಿಂತ ಹಗುರ, ಟಿ-14 ಭಾರ. ಟಿ-11 ಸೆಕೆಂಡಿಗೆ ಸುಮಾರು 7–8 ಇಂಚು ಮುಳುಗುತ್ತದೆ.

30 ಅಡಿಯನ್ನು 8, 10, 12 ಅಡಿ ಅಂತ ಮೂರು ತುಂಡು ಮಾಡಿ. ಸರಿಯಾಗಿ ಮುಗಿಯುತ್ತದೆ, ಚೂರೂ ಉಳಿಯುವುದಿಲ್ಲ. ತೂಕ ಕ್ರಮವಾಗಿ 88, 110, 132 ಗ್ರೇನ್. ಪ್ರತಿ ತುಂಡಿನ ಹಿಂದಿನ ತುದಿಗೆ ಒಂದು ಕುಣಿಕೆ. ಹೆಣೆದ ಕುಣಿಕೆಗಳು ಅಂಗಡಿಯಲ್ಲಿ ರೆಡಿ ಸಿಗುತ್ತವೆ. ಅದರೊಳಗೆ ಲೈನ್ ತುದಿ ತೂರಿಸಿ, ಬುಡಕ್ಕೆ ದಾರ ಬಿಗಿಯಾಗಿ ಸುತ್ತಿ, ಮೇಲೆ ಅಂಟು ಹಚ್ಚಿ. ಒಣಗಿದ ಮೇಲೆ ಜೋರಾಗಿ ಎಳೆದು ನೋಡಿ, ಮನೆಯಲ್ಲಿ ಕಿತ್ತುಬಂದರೆ ಪರವಾಗಿಲ್ಲ. ಮುಂದಿನ ತುದಿಗೆ 3–4 ಅಡಿ, 12 ಅಥವಾ 15 ಪೌಂಡಿನ ಮಾಕ್ಸಿಮಾ ನೈಲಾನ್. ಮುಳುಗುವ ತುದಿಯ ಮುಂದೆ ಲೀಡರ್ (ಫ್ಲೈ ಕಟ್ಟುವ ಈ ನೈಲಾನ್) ಉದ್ದ ಇದ್ದರೆ ತುದಿ ತಳಕ್ಕೆ ಹೋದರೂ ಫ್ಲೈ ಮೇಲೇ ತೇಲುತ್ತಿರುತ್ತದೆ, ಏನೂ ಪ್ರಯೋಜನ ಇಲ್ಲ. ಬೇಸಿಗೆಯ ತೇಲುವ ಲೈನಿಗೆ ಉಲ್ಟಾ, 10–12 ಅಡಿ ಲೀಡರ್, ತುದಿ 8–10 ಪೌಂಡ್.

ತುಂಡುಗಳ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಗೆರೆ ಹಾಕಿಡಿ. 8ಕ್ಕೆ ಒಂದು, 10ಕ್ಕೆ ಎರಡು, 12ಕ್ಕೆ ಮೂರು. ಮುಂಜಾನೆ ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ ಯಾವುದು ಯಾವುದು ಅಂತ ಹುಡುಕುವುದು ತಪ್ಪುತ್ತದೆ. ಮಧ್ಯಮ ಆಳಕ್ಕೆ 10 ಅಡಿಯದೇ ಹಾಕಿ ಬಿಡಿ. ಆಳ ಬೇಕಾದರೆ ಮೊದಲು ತುದಿ ಬದಲಿಸಬೇಡಿ, ಎಸೆಯುವ ಕೋನ ಬದಲಿಸಿ. ಇನ್ನಷ್ಟು ಅಡ್ಡಲಾಗಿ ಎಸೆದು, ಲೈನನ್ನು ಮೇಲ್ಮುಖವಾಗಿ ಮೆಂಡ್ ಮಾಡಿದರೆ ಮುಳುಗಲು ಸಮಯ ಸಿಗುತ್ತದೆ. ಕೆಳಮುಖವಾಗಿ ಎಸೆದರೆ ಫ್ಲೈ ಮೇಲೇ ಇರುತ್ತದೆ. ಒಂದೇ ತುದಿಯಲ್ಲಿ ಎರಡು ಅಡಿ ನೀರನ್ನೂ ಜಾಲಾಡಬಹುದು, ಐದು ಅಡಿಯನ್ನೂ.

ಬೆಲ್ವ್ಯೂ_ಭಟ್ಟ

ಈ ಮಾರ್ಕರ್ ಗೆರೆ ಉಪಾಯ ಇವತ್ತೇ ಮಾಡುತ್ತೇನೆ.

ಕುಣಿಕೆಗೆ ಕುಣಿಕೆ ಸೇರಿಸುವಾಗ ಒಂದು ಎಚ್ಚರಿಕೆ. ಎರಡೂ ಕುಣಿಕೆ ಒಂದಕ್ಕೊಂದು ಕೈಕುಲುಕಿದ ಹಾಗೆ ಸಮನಾಗಿ ಕೂರಬೇಕು. ಒಂದು ಕುಣಿಕೆ ಮಡಚಿ ಇನ್ನೊಂದರ ಕುತ್ತಿಗೆ ಬಿಗಿದಿದ್ದರೆ ಬಿಚ್ಚಿ ಮತ್ತೆ ಹಾಕಿ. ಅದು ರಾಡ್‌ನ ಉಂಗುರಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಲೈನನ್ನೂ ಕೊಯ್ಯುತ್ತದೆ.

ಬೊಥೆಲ್_ಬಸವ

ಭರ್ಜರಿ. ಎರಡು ಪ್ರಶ್ನೆ ಉಳಿದಿದೆ. ರನ್ನಿಂಗ್ ಲೈನ್ ನೈಲಾನ್ ದಾರದ್ದಾ, ಮೇಲೆ ಲೇಪ ಇರುವುದಾ? ಇನ್ನೊಂದು, ಎಸೆತ ಕಲಿಯುವುದು ಎಲ್ಲಿ?

ಕ್ಲಿಯರ್‌ವಾಟರ್_ಅಕ್ಕ

ಚಳಿಗೆ ಲೇಪ ಇರುವುದು. ಬರೀ ನೈಲಾನ್ ದೂರ ಹೋಗುತ್ತದೆ ನಿಜ, ಆದರೆ ತಣ್ಣನೆ ಒದ್ದೆ ಕೈಯಲ್ಲಿ ಜಾರುತ್ತದೆ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣ ತಗೊಳ್ಳಿ, ಕಿತ್ತಳೆ ಅಥವಾ ಹಳದಿ. ಅದು ಮೀನಿನ ಹತ್ತಿರಕ್ಕೂ ಹೋಗುವುದಿಲ್ಲ, ಎಷ್ಟು ಎಳೆದೆ ಅನ್ನುವುದು ನಿಮಗೆ ಕಾಣುತ್ತದೆ.

ಕಲಿಯಲು ಹುಲ್ಲುಹಾಸು ಬೇಡ, ಸ್ಪೇ ಎಸೆತಕ್ಕೆ ನೀರಿನ ಹಿಡಿತ ಬೇಕೇ ಬೇಕು. ಯಾವುದಾದರೂ ಕೆರೆ ದಡ ಸಾಕು. ಫ್ಲೈ ಬದಲು ಒಂದು ಚೂರು ಉಣ್ಣೆ ದಾರ ಕಟ್ಟಿಕೊಳ್ಳಿ. ಎರಡು ಎಸೆತ ಕಲಿಯಿರಿ, ಸ್ನ್ಯಾಪ್-ಟಿ ಮತ್ತು ಡಬಲ್ ಸ್ಪೇ. ಗಾಳಿ ಹೊಳೆಯ ಮೇಲ್ಮುಖವಾಗಿ ಬೀಸಿದರೆ ಸ್ನ್ಯಾಪ್-ಟಿ. ಆಗ ಲೈನ್ ನಿಮಗಿಂತ ಹೊಳೆಯ ಮೇಲ್ಗಡೆ ಕೂರುತ್ತದೆ. ಕೆಳಮುಖವಾಗಿ ಬೀಸಿದರೆ ಡಬಲ್ ಸ್ಪೇ, ಲೈನ್ ಕೆಳಗಡೆ ಕೂರುತ್ತದೆ. ಇದನ್ನು ತಿರುವುಮುರುವು ಮಾಡಿದರೆ ಗಾಳಿ ಕೊಕ್ಕೆಯನ್ನು ನೇರ ಮುಖಕ್ಕೆ ತರುತ್ತದೆ. ಕನ್ನಡಕ, ಟೋಪಿ ಹಾಕಿಯೇ ನೀರಿಗೆ ಇಳಿಯಿರಿ.

ಒಂದುಕೈ_ಒಹಾಯೋ

ಮೀನು ಕಚ್ಚಿದಾಗ ಟ್ರೌಟ್ ಥರ ರಾಡ್ ಎತ್ತಬೇಡಿ ಬಸವ. ಇದನ್ನು ನಾನೂ ಒಪ್ಪುತ್ತೇನೆ, ಒಂದು ಕೈ ಇರಲಿ ಎರಡು ಕೈ ಇರಲಿ. ಅದು ಫ್ಲೈ ಹಿಡಿದು ತಿರುಗುವವರೆಗೆ ಬಿಡಿ. ರೀಲ್ ಓಡಲಿ. ಆಮೇಲೆ ರಾಡನ್ನು ದಡದ ಕಡೆ ಅಡ್ಡಕ್ಕೆ ತನ್ನಿ, ಕೊಕ್ಕೆ ಬಾಯಿಯ ಮೂಲೆಯಲ್ಲಿ ಕೂರುತ್ತದೆ.

ಬೊಥೆಲ್_ಬಸವ

ಕೊನೇ ಪ್ರಶ್ನೆ, ಬೈಯಬೇಡಿ. ನಾನು ನೋಡಿದ ರಾಡ್‌ಗೆ ಕಂಪನಿಯವರು ಸ್ಕ್ಯಾಗಿಟ್‌ಗೆ 510–560 ಅಂತ ಕೊಟ್ಟಿದ್ದಾರೆ. ಅಂಗಡಿಯಲ್ಲಿ 525 ಮತ್ತು 550 ಎರಡೂ ಇದೆ. ಯಾವುದು?

ಹೊಳೆಸಾಲು

ಹೊಸಬರಿಗೆ 550. ಭಾರ ಇದ್ದರೆ ರಾಡ್ ಬಾಗಿದ್ದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ, ಲಯ ಬೇಗ ಸಿಗುತ್ತದೆ. ಆದರೆ ಕೊಳ್ಳುವ ಮುಂಚೆ ಎಸೆದು ನೋಡುವ ಅವಕಾಶ ಕೇಳಿ. ಒಳ್ಳೆ ಫ್ಲೈ ಅಂಗಡಿಗಳಲ್ಲಿ ಪರೀಕ್ಷೆಗೆ ಅಂತಲೇ ಹೆಡ್ ಇಟ್ಟಿರುತ್ತಾರೆ. ಡಬ್ಬಿ ಒಡೆದ ಮೇಲೆ ಲೈನ್ ವಾಪಸ್ ತಗೊಳ್ಳುವುದಿಲ್ಲ.

ಸ್ಕೀನಾ_ಶಾನುಭೋಗ

ಲೈಸೆನ್ಸ್ ಜೊತೆ ವಾಷಿಂಗ್ಟನ್‌ನಲ್ಲಿ ಕ್ಯಾಚ್ ಕಾರ್ಡ್ (ಹಿಡಿದ ಮೀನಿನ ಲೆಕ್ಕ ಬರೆಯುವುದು) ಕೂಡ ಬೇಕು ಅಲ್ವಾ?

ಬೆಲ್ವ್ಯೂ_ಭಟ್ಟ

ಬೇಕು. ಅಷ್ಟೇ ಅಲ್ಲ, ಬೆನ್ನಿನ ಹಿಂಬದಿಯ ಸಣ್ಣ ರೆಕ್ಕೆ ಕತ್ತರಿಸಿದ್ದರೆ ಅದು ಮರಿಕೇಂದ್ರದಲ್ಲಿ ಸಾಕಿದ ಮೀನು. ರೆಕ್ಕೆ ಇದ್ದರೆ ಕಾಡು ಮೀನು, ಬಿಡಲೇಬೇಕು. ಫೋಟೋ ಆಸೆಗೆ ನೀರಿನಿಂದ ಪೂರ್ತಿ ಎತ್ತುವಂತಿಲ್ಲ, ಅದು ಇಲ್ಲಿನ ಕಾನೂನು. ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಿಂದ ಅಪಾಯದ ಪಟ್ಟಿಯಲ್ಲಿದೆ. ಸ್ಕ್ಯಾಗಿಟ್, ಸಾಕ್ ನದಿಗಳಲ್ಲಿ ವಸಂತದಲ್ಲಿ ಹಿಡಿದು ಬಿಡುವ ಸೀಸನ್ 2018ರಲ್ಲಿ ಮತ್ತೆ ಶುರುವಾಯಿತು, ಆದರೆ ಪ್ರತಿ ವರ್ಷ ತೆರೆಯುತ್ತದೆ ಅಂತ ಗ್ಯಾರಂಟಿ ಇಲ್ಲ. ಹೋ ಕಡೆ ಕೂಡ ನಿಯಮ ಸೀಸನ್ ನಡುವೆಯೇ ಬದಲಾಗುತ್ತದೆ. ಮನೆ ಬಿಡುವ ಹಿಂದಿನ ರಾತ್ರಿ ಇಲಾಖೆಯ ಸೈಟ್ ನೋಡಿಕೊಂಡೇ ಹೊರಡಿ. ಮುಳ್ಳಿಲ್ಲದ ಕೊಕ್ಕೆ, ಒಂದೇ ಕೊಕ್ಕೆ.

ಬೊಥೆಲ್_ಬಸವ

550 ಹೆಡ್ ಹಾಕಿ ಎಸೆದು ನೋಡಲು ಅಂಗಡಿಯವರು ಶನಿವಾರ ಬೆಳಗ್ಗೆ ಬನ್ನಿ ಅಂದಿದ್ದಾರೆ. ಟಿ-11 ಸುರುಳಿ ಇವತ್ತೇ ಆರ್ಡರ್ ಮಾಡಿದೆ. ಹೆಣೆದ ಕುಣಿಕೆಗೆ ಯಾವ ಅಂಟು ಅಂತ ಯಾರಾದರೂ ಹೇಳಿ.

ಹೊಳೆಸಾಲು

ಒಣಗಿದ ಮೇಲೂ ಬಾಗುವಂಥದ್ದು ತಗೊಳ್ಳಿ. ವೇಡರ್ (ನೀರಿಗೆ ಇಳಿಯಲು ಹಾಕುವ ಉಡುಪು) ತೂತು ಮುಚ್ಚಲು ಅಕ್ವಾಸೀಲ್ ಬರುತ್ತದಲ್ಲ, ಅದು ನಡೆಯುತ್ತದೆ. ತೆಳ್ಳಗೆ ಹಚ್ಚಿ, ಒಂದು ರಾತ್ರಿ ಒಣಗಲು ಬಿಡಿ. ಸೂಪರ್ ಗ್ಲೂ ಗಟ್ಟಿಯಾಗಿ ಬಿರುಕು ಬಿಡುತ್ತದೆ.